ಬಿಡುವುದಕ್ಕೂ ಜೊತೆ ಬೇಕು

ಹಿರಿಯರ ನಿರೀಕ್ಷೆಗಳನ್ನು ಕೊಡವಿಕೊಂಡು ಮನಸ್ಸು ಹೇಳಿದಂತೆ ಬದುಕಿದರೆ ನೀನು ನೀನಾಗುತ್ತೀಯ ಎಂಬ ಉಪದೇಶ ಈಗ ಕಾಲೇಜಿನ ವೇದಿಕೆಗಳಲ್ಲೂ ವ್ಯಕ್ತಿತ್ವ ವಿಕಸನದ ಪುಸ್ತಕಗಳಲ್ಲೂ ಧಾರಾಳವಾಗಿ ಸಿಗುತ್ತದೆ. ಕೋಲಾರ ಚಿನ್ನದ ಗಣಿ ಪ್ರದೇಶದ, ಅಂದರೆ ಕೆಜಿಎಫ್‌ನ, ವಿಷಯಕ್ಕೆ ಬಂದರೆ ಅದೇ ಉಪದೇಶ ತೀರ್ಪಾಗುತ್ತದೆ: ಗಣಿ ಮುಚ್ಚಿ ಇಷ್ಟು ವರ್ಷವಾದರೂ ಆ ಜನ ಗಣಿಯನ್ನೇ ನೆನೆಯುತ್ತಾ ಕೂತಿದ್ದಾರೆ, ಹಳೆಯದನ್ನು ಬಿಡಲೊಲ್ಲರು. ಇದನ್ನು ನಾನು ಒಪ್ಪುವುದಿಲ್ಲ. ಬಳುವಳಿಯಾಗಿ ಬಂದದ್ದನ್ನು ಬಿಡುವುದು ಹೇಗೆಂದು ಉರಿಗಾಂ, ಮಾರಿಕುಪ್ಪಂ, ಚಾಂಪಿಯನ್ ರೀಫ್‌ನ ಗಣಿಕಾರ್ಮಿಕರ ಲೈನ್‌ಮನೆಗಳ ಜನ ನಮಗೇ ಕಲಿಸಬಲ್ಲರು.

1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಗಣಿಗಿಳಿದವರಲ್ಲಿ ಬಹುಪಾಲು ದಲಿತರು. ಊರಿನ ಕೇರಿ, ಜಮೀನ್ದಾರನ ಚಾಕರಿ, ಎದುರಾದವರಿಗೆ ತಗ್ಗಬೇಕಾದ ತಲೆ, ಇವು ಅವರಿಗೆ ಬಂದ ಪಿತ್ರಾರ್ಜಿತ. ಗಣಿ ಕೈಗೆ ಕೂಲಿ ಕೊಟ್ಟಿತು, ಎದೆಗೆ ಕಲ್ಲಿನ ದೂಳು ತುಂಬಿತು; ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಬಂಡೆ ಸಿಡಿದು ಎಷ್ಟೋ ಜೀವ ಹೋದವು. ಆದರೆ ಜಾತಿಯನ್ನು ಕೂಲಿ ಕಳೆಯಲಿಲ್ಲ. ಅದಕ್ಕೆ ಅವರೇ ಕೈಹಾಕಬೇಕಾಯಿತು.

ತಮಿಳು ದಲಿತ ಚಿಂತಕ ಅಯೋತ್ತಿ ದಾಸರು 1898ರಲ್ಲಿ ಮದರಾಸಿನಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘದ ಶಾಖೆ 20ನೇ ಶತಮಾನದ ಆರಂಭದಲ್ಲೇ ಮಾರಿಕುಪ್ಪಂನಲ್ಲಿ ಬೇರೂರಿತು. 1907ರಲ್ಲಿ ಅವರು ಆರಂಭಿಸಿದ್ದ ‘ತಮಿಳನ್’ ಪತ್ರಿಕೆ ಅವರ ಕಾಲಾನಂತರ, 1926ರಿಂದ, ಜಿ. ಅಪ್ಪಾದುರೈಯವರ ಸಂಪಾದಕತ್ವದಲ್ಲಿ ಚಿನ್ನದ ಗಣಿಯಿಂದಲೇ ಹೊರಟಿತು. ಅಂಬೇಡ್ಕರರ 1956ರ ನಾಗಪುರದ ಬೌದ್ಧ ದೀಕ್ಷೆಗೆ ಎಷ್ಟೋ ದಶಕ ಹಿಂದಿನ ಮಾತಿದು. ಪಾಳಿ ಮುಗಿಸಿ ಬಂದ ದೇಹಗಳು ಓದಿಗೆ, ವಾದಕ್ಕೆ, ಸಭೆಗೆ ಕೂತವು ಎಂಬುದನ್ನು ನಾವು ಸಾಕಷ್ಟು ಗೌರವದಿಂದ ನೆನೆದೇ ಇಲ್ಲ.

ಇಲ್ಲಿ ಯಾರೂ ಒಬ್ಬಂಟಿಯಾಗಿ ತನ್ನೊಳಗೆ ತಾನು ಇಣುಕಿ ‘ನಿಜವಾದ ನಾನು’ವನ್ನು ಹುಡುಕಲಿಲ್ಲ. ಜಾತಿಯ ಬಳುವಳಿಯನ್ನು ನಿರಾಕರಿಸಿದವರು ‘ನಾವು ಪೂರ್ವ ಬೌದ್ಧರು’ ಎಂದು ಅದಕ್ಕಿಂತ ಹಳೆಯ ಬಳುವಳಿಯೊಂದನ್ನು ಹಕ್ಕಿನಿಂದ ಕೇಳಿದರು. ಬಿಡುವುದಕ್ಕೆ ಸಂಘ ಬೇಕಾಯಿತು, ಮುದ್ರಣಾಲಯ ಬೇಕಾಯಿತು. 1930ರಲ್ಲಿ ಬೆರಳಚ್ಚು ಕೊಡಿ ಎಂದಾಗ ಕಾರ್ಮಿಕರು ಒಟ್ಟಾಗಿ ಕೆಲಸ ನಿಲ್ಲಿಸಿದ್ದರ ಹಿಂದೆಯೂ ಇಂಥ ಸ್ವಾಭಿಮಾನವಿತ್ತು ಎಂದು ನಂಬುತ್ತೇನೆ. ಒಂಟಿ ದಂಗೆಕೋರಳೆಂದು ನಾವು ಕೊಂಡಾಡುವ ಅಕ್ಕಮಹಾದೇವಿ ಕೂಡ ಅರಮನೆ ಬಿಟ್ಟು ಶರಣರ ಸಂಗಕ್ಕೆ ಕಲ್ಯಾಣಕ್ಕೆ ನಡೆದವಳು.

ಆದರೆ ಇಂಥ ಸಂಗವೇ ಉರುಳಾಗುವುದೂ ಉಂಟು. ಸಮುದಾಯದ ಮರ್ಯಾದೆಯ ಹೆಸರಿನಲ್ಲಿ ಮಗಳ ಓದು ನಿಲ್ಲಿಸುವ ಮನೆಗಳಿವೆ. ಅಲ್ಲಿ ಆ ಹುಡುಗಿಯ ‘ಒಲ್ಲೆ’ಯ ಪರವಾಗಿಯೇ ನಾನಿದ್ದೇನೆ. ಆದರೆ ಒಲ್ಲೆನೆಂದವಳಿಗೆ ಒಂದು ಹಾಸ್ಟೆಲು, ಒಬ್ಬ ಗೆಳತಿ, ತಿಂಗಳ ಸಂಬಳ ಬೇಕಲ್ಲ? ಅದನ್ನು ಉಪದೇಶಕರು ಹೇಳುವುದಿಲ್ಲ.

ಇನ್ನು ಕೆಜಿಎಫ್‌ನಲ್ಲಿ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ, ಅಪ್ಪನ ಕೆಲಸ ಮಗನಿಗೆ ಎಂಬ ನಿರೀಕ್ಷೆಯನ್ನು ಯಾರೂ ತಾವಾಗಿ ಬಿಡಲಿಲ್ಲ, ಅದನ್ನು ಕಿತ್ತುಕೊಳ್ಳಲಾಯಿತು. ಕಳೆದುಕೊಂಡವರಿಗೆ ‘ಬಿಟ್ಟುಬಿಡಿ’ ಎನ್ನುವುದು ಕ್ರೌರ್ಯ. ಮಾರಿಕುಪ್ಪಂನಿಂದ ಉರಿಗಾಂ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ನಸುಕಿಗೇ ಕೂರುವ ಲೈನ್‌ಮನೆಗಳ ಮಕ್ಕಳು ಹಳೆಯದಕ್ಕೆ ಅಂಟಿಕೊಂಡವರಲ್ಲ. ಬದಲಾಗುವ ಪೂರ್ತಿ ಖರ್ಚನ್ನು ತಮ್ಮ ನಿದ್ದೆಯಿಂದ ತೆರುತ್ತಿದ್ದಾರೆ. ಮನೆಯ ಹತ್ತಿರ ಕೆಲಸ, ಲೈನ್‌ಮನೆಗೆ ಹಕ್ಕುಪತ್ರ, ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ದಿಬ್ಬದ ದೂಳಿಲ್ಲದ ಗಾಳಿ, ಇವನ್ನು ಕೊಡಬೇಕಾದವರನ್ನು ಮೊದಲು ಕೇಳೋಣ.