ಆಟಕ್ಕುಂಟು, ಲೆಕ್ಕಕ್ಕಿಲ್ಲ

ಕಾಸರಗೋಡಿನ ಮೊಗ್ರಾಲಿನಲ್ಲಿ ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ಯಕ್ಷಗಾನದ ಆಟ ನೋಡಲು ಕೂತರೆ ಒಂದು ಕೈ ವಾಲ್ಯೂಮ್ ಗುಂಡಿಯಿಂದ ಏಳುವುದೇ ಇಲ್ಲ. ವೇಷಧಾರಿ ಅರ್ಥ ಹೇಳುವಾಗ, ಅಂದರೆ ಮಾತಾಡುವಾಗ, ಏರಿಸಬೇಕು. ಭಾಗವತರು ಏರುಪದ ಎತ್ತಿ ಚೆಂಡೆ ಬಿತ್ತೋ, ಇಳಿಸಬೇಕು. ಇಲ್ಲವಾದರೆ ಪಕ್ಕದ ಕೋಣೆಯಲ್ಲಿ ಮಲಗಿದವರು ಎದ್ದು ಕೂರುತ್ತಾರೆ. ಸದ್ದಿನ ಮಟ್ಟವನ್ನು ಸಮವಾಗಿಡುವ ವಿದ್ಯೆ ಇಷ್ಟು ಬೆಳೆದ ಕಾಲದಲ್ಲೂ ಈ ಕೆಲಸ ಹೆಬ್ಬೆರಳಿಗೇ ಉಳಿದದ್ದು ಯಾಕೆ?

ಇಲ್ಲಿಂದ ಬಡಗಣ ದಿಕ್ಕಿಗೆ ಸ್ವಲ್ಪವೇ ದೂರದಲ್ಲಿ ಕುಂಬಳೆ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಅವನ ಕಾಲದಲ್ಲಿ ಮೈಕೂ ಇರಲಿಲ್ಲ, ಮಿಕ್ಸರೂ ಇರಲಿಲ್ಲ. ಆದರೆ ಸದ್ದಿಗೆ ಶಿಸ್ತು ಇತ್ತು, ಅದು ಕಲೆಯ ಕಟ್ಟಳೆಯೊಳಗೇ ಇತ್ತು. ಮಾತು ನಡೆಯುವಾಗ ಚೆಂಡೆ ಸುಮ್ಮನಿರುತ್ತದೆ. ಒತ್ತು ಕೊಡಲು ಎಲ್ಲೋ ಒಂದು ಪೆಟ್ಟು ಬಿದ್ದೀತು, ಅಷ್ಟೆ. ಕರುಣ, ಶೃಂಗಾರದ ಪದಕ್ಕೆ ಮದ್ದಳೆ ಸಾಕು. ವೀರ, ರೌದ್ರ ಬಂದಾಗ ಚೆಂಡೆಯ ಸರದಿ. ಯಾವುದು ಎಷ್ಟು ಏರಬೇಕು ಎಂಬುದನ್ನು ಜಾಗಟೆ ಹಿಡಿದ ಭಾಗವತರು ಕಿವಿಯಲ್ಲೇ ತೂಗುತ್ತಿದ್ದರು. ಚೆಂಡೆಯ ಅಬ್ಬರವನ್ನು ಸೀಳಿಕೊಂಡು ಬರುವ ಗಂಟಲು ಎಂಥದ್ದೆಂದು ತಿಳಿಯಲು ಬಲಿಪ ನಾರಾಯಣ ಭಾಗವತರನ್ನು (1938–2023) ಕೇಳಿದವರನ್ನು ಕೇಳಬೇಕು. ಈಗ ಎಲ್ಲರ ಮುಂದೂ ಮೈಕು. ತೂಗುವ ಕೆಲಸ ರಂಗಸ್ಥಳದಿಂದಿಳಿದು ಪಕ್ಕದಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತವರ ಕೈಗೆ ಹೋಗಿದೆ. ಅವರಲ್ಲಿ ಕೆಲವರಿಗೆ ಪ್ರಸಂಗ ಗೊತ್ತು, ಕೆಲವರಿಗೆ ಗುಂಡಿ ಮಾತ್ರ ಗೊತ್ತು.

ಈ ತೂಗುವ ಕೆಲಸಕ್ಕೆ ಈಗ ಬೇರೊಂದು ದಾರಿಯೂ ಇದೆ. ಆಬ್ಜೆಕ್ಟ್ ಆಧಾರಿತ ಧ್ವನಿ ಎಂಬ ಆ ಕಲ್ಪನೆ ನನಗೆ ಹಿಡಿಸಿದ್ದು ಅದು ಹಿಮ್ಮೇಳದಂತೆ ಯೋಚಿಸುತ್ತದೆ ಎಂಬ ಕಾರಣಕ್ಕೆ. ಎಲ್ಲವನ್ನೂ ಕಲಸಿ ಎರಡು ಸ್ಪೀಕರಿಗೆ ಹಂಚುವ ಬದಲು ದನಿ ಬೇರೆ, ಚೆಂಡೆ ಬೇರೆ, ಮದ್ದಳೆ ಬೇರೆ ಎಂದು ಬಿಡಿಯಾಗಿಯೇ ಕಳಿಸುತ್ತಾರೆ. ಎಲ್ಲಿ ಕೂರಬೇಕು, ಎಷ್ಟು ಸದ್ದಾಗಬೇಕು ಎಂಬ ಟಿಪ್ಪಣಿ ಜೊತೆಗಿರುತ್ತದೆ. ನಮ್ಮ ಮನೆಯಲ್ಲಿರುವ ಸ್ಪೀಕರಿಗೆ ತಕ್ಕಂತೆ ಅವನ್ನು ಕೂಡಿಸುವುದು ಕೊನೆಯ ಯಂತ್ರ. 2012ರಲ್ಲಿ ಸಿನೆಮಾ ಮಂದಿರಕ್ಕೆ ಬಂದ ಡಾಲ್ಬಿ ಅಟ್ಮಾಸ್ 128 ಧ್ವನಿಗಳವರೆಗೆ ಹೀಗೆ ಒಯ್ಯಬಲ್ಲದು. 2015ರಲ್ಲಿ ಮಾನಕವಾದ, ಇದೇ ಬಗೆಯ ಎಂಪೆಗ್-ಎಚ್ ದಕ್ಷಿಣ ಕೊರಿಯಾದಲ್ಲಿ 2017ರಿಂದ ಟೀವಿ ಪ್ರಸಾರದಲ್ಲೇ ಇದೆ.

ತೊಡಕು ಅಳತೆಗೋಲಿನಲ್ಲಿದೆ. ಕಾರ್ಯಕ್ರಮಗಳ ಸದ್ದು ಒಂದೇ ಮಟ್ಟದಲ್ಲಿರಲೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಬಿಎಸ್ 1770 ಎಂಬ ಮಾಪನ ಕ್ರಮ ತಂದಿತು. ಯೂರೋಪಿನ ಪ್ರಸಾರಕರು 2010ರಲ್ಲಿ ಅದಕ್ಕೆ -23 ಎಲ್‌ಯುಎಫ್‌ಎಸ್ (ಸದ್ದಿನ ಮಟ್ಟ ಅಳೆಯುವ ಮಾನ) ಎಂಬ ಗುರಿ ಇಟ್ಟರು. ಜಾಹೀರಾತುಗಳ ಅರಚಾಟಕ್ಕೆ ಕಡಿವಾಣ ಹಾಕಿದ ಕ್ರಮ ಅದು. ಅದರ ಉಪಕಾರವನ್ನು ನಾನು ಮರೆಯುವುದಿಲ್ಲ. ಆದರೆ ಅದು ಸರಾಸರಿ ಕಟ್ಟುವಾಗ, ಒಟ್ಟು ಮಟ್ಟಕ್ಕಿಂತ 10 ಅಂಕಕ್ಕೂ ಕೆಳಗಿರುವ ಭಾಗವನ್ನು ಮೌನವೆಂದು ಬಗೆದು ಕೈಬಿಡುತ್ತದೆ. ಆಟದ ಅರ್ಧ ಹೊತ್ತು ಚೆಂಡೆಯ ಪದ -14ರಲ್ಲಿ, ಇನ್ನರ್ಧ ಅರ್ಥ -30ರಲ್ಲಿ ಇದೆ ಎಂದಿಟ್ಟುಕೊಳ್ಳಿ. ಮೊದಲ ಸರಾಸರಿ ಸುಮಾರು -17. ಗಡಿ -27ಕ್ಕೆ ಬೀಳುತ್ತದೆ, ಅರ್ಥವೆಲ್ಲ ಗಡಿಯಾಚೆ. ಕೊನೆಗೆ ಬರುವ ಅಂಕಿ -14, ಅಂದರೆ ಬರೇ ಚೆಂಡೆಯದು. ಅದನ್ನು -23ಕ್ಕೆ ತಂದರೆ ಅರ್ಥ -39ಕ್ಕೆ ಕುಸಿಯುತ್ತದೆ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಇಡೀ ರಾತ್ರಿ ಜನರನ್ನು ಹಿಡಿದು ಕೂರಿಸಿದ್ದು ಮಾತಿನಿಂದ. ಈ ಯಂತ್ರದ ಪಾಲಿಗೆ ಆ ಮಾತು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ನೆಟ್‌ಫ್ಲಿಕ್ಸ್ ಈ ವಿಷಯದಲ್ಲಿ ಜಾಣತನ ತೋರಿದೆ. ಅದರ ನಿಯಮ ಒಟ್ಟು ಸದ್ದನ್ನು ಅಳೆಯದೆ ಸಂಭಾಷಣೆಯನ್ನು ಹುಡುಕಿ ಅಳೆಯುತ್ತದೆ. ಮಾತು -27ರ ಆಸುಪಾಸಿನಲ್ಲಿರಬೇಕು. ಮಾತು ನೆಲೆ, ಉಳಿದದ್ದು ಅದರ ಮೇಲೆ ಕೆಳಗೆ. ವೇಷವಿಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಳೆಗೆ ಇದು ಹೇಳಿ ಮಾಡಿಸಿದಂತಿದೆ. ಹಾಗೆಂದು ಎಲ್ಲಕ್ಕೂ ಇದೇ ಮದ್ದಲ್ಲ. ಮೊಗ್ರಾಲ್ ‘ಇಶಲ್ ಗ್ರಾಮ’ ಎಂದು ಹೆಸರಾದದ್ದು ಮಾಪಿಳ್ಳೆ ಹಾಡಿನಿಂದ. ಅಲ್ಲಿ ನೆಲೆ ಹಾಡುವ ದನಿ, ಮಾತಲ್ಲ. ಯಂತ್ರ ಹಾಡನ್ನು ಮಾತೆಂದು ಗುರುತಿಸದಿದ್ದರೆ ಅಲ್ಲೂ ಲೆಕ್ಕ ತಪ್ಪುತ್ತದೆ. ಆಬ್ಜೆಕ್ಟ್ ಧ್ವನಿಯಲ್ಲಿ ಇಂಥ ಊಹೆಯ ಅಗತ್ಯವೇ ಇಲ್ಲ. ಬಿಡಿಬಿಡಿಯಾಗಿ ಕಳಿಸುವಾಗಲೇ ‘ಇದು ನೆಲೆ’ ಎಂದು ಒಂದಕ್ಕೆ ಗುರುತು ಹಾಕಿದರಾಯಿತು. ಇದ್ದ ಅನುಕೂಲವನ್ನು ಬಳಸದೆ, ಎಲ್ಲವನ್ನೂ ಮತ್ತೆ ಕಲಸಿ, ಕಲಸಿದ್ದನ್ನು ತೂಗುವ ರೂಢಿಯ ಬಗ್ಗೆಯೇ ನನ್ನ ಮುಖ್ಯ ತಕರಾರು.

ಆ ಕಲಸುವಿಕೆಯಲ್ಲೂ ಒಂದು ಪೇಚಿದೆ. ಅಟ್ಮಾಸ್ ಧ್ವನಿಯನ್ನು ಸಾಮಾನ್ಯವಾಗಿ 5.1 ಸ್ಪೀಕರಿಗೆ ಇಳಿಸಿ ಅಳೆಯುತ್ತಾರೆ. ಬಿಎಸ್ 1770 ಕೇಳುಗನ ಪಕ್ಕದಿಂದ, ಅಂದರೆ 60ರಿಂದ 120 ಡಿಗ್ರಿಯೊಳಗಿನ ಸ್ಪೀಕರಿನಿಂದ ಬರುವ ಸದ್ದಿಗೆ ಸುಮಾರು 1.5 ಡೆಸಿಬೆಲ್ ಹೆಚ್ಚು ತೂಕ ಕೊಡುತ್ತದೆ. 5.1ರಲ್ಲಿ ಹಿಂಬದಿಯ ಸ್ಪೀಕರಿನ ಜಾಗ 110 ಡಿಗ್ರಿ, ಆ ತೂಕದ ವಲಯದೊಳಗೆ. 7.1.4 ಸ್ಪೀಕರ್ ವಿನ್ಯಾಸದ ಹಿಂಬದಿಯವು 135ರಿಂದಾಚೆ, ವಲಯದ ಹೊರಗೆ. ಒಂದೇ ಚೆಂಡೆಯನ್ನು ಬೆನ್ನ ಹಿಂದೆ ಇಟ್ಟರೆ ಎರಡು ಮನೆಯಲ್ಲಿ ಎರಡು ಅಂಕಿ. ಫೋನಿಗೆ ಇಯರ್‌ಫೋನ್ ಸಿಕ್ಕಿಸಿದವನದು ಮೂರನೆಯ ಲೆಕ್ಕ. 2023ರ ಪರಿಷ್ಕರಣೆಯಲ್ಲಿ ಒಕ್ಕೂಟ ಆಬ್ಜೆಕ್ಟ್ ಧ್ವನಿಯ ಮಾಪನಕ್ಕೂ ದಾರಿ ಹೇಳಿತು: ಗೊತ್ತಾದ ಒಂದು ಸ್ಪೀಕರ್ ವಿನ್ಯಾಸಕ್ಕೆ ಕೂಡಿಸಿ ಅಳೆಯಿರಿ, ಎಂದು. ಅಳೆಯುವವರ ಜಗಳ ಅದರಿಂದ ತೀರೀತು. ಕೇಳುವವರದ್ದು ತೀರುವುದಿಲ್ಲ.

ಎಂಪೆಗ್-ಎಚ್ ಇಲ್ಲಿ ಒಂದು ಹೆಜ್ಜೆ ಮುಂದಿದೆ. ಕೇಳುಗ ಮಾತನ್ನು ಏರಿಸಿಕೊಂಡರೆ ಡಿಕೋಡರ್ ಒಟ್ಟು ಸದ್ದನ್ನು ಬೇಕಾದಷ್ಟು ತಗ್ಗಿಸಿ ಮೊದಲಿನ ಮಟ್ಟಕ್ಕೆ ತರಬಲ್ಲದು. ಬೇರೆ ಬೇರೆ ಆಯ್ಕೆಗಳಿಗೆ ಬೇರೆ ಬೇರೆ ಲೌಡ್‌ನೆಸ್ ಅಂಕಿಗಳನ್ನೂ ಅದು ಹೊತ್ತು ತರುತ್ತದೆ. ಏಳು ಭಾಷೆಯ ಕಾಸರಗೋಡಿಗೆ, ಅದರಲ್ಲೂ ಫುಟ್‌ಬಾಲ್ ಎಂದರೆ ಪ್ರಾಣ ಬಿಡುವ ಮೊಗ್ರಾಲಿಗೆ, ಇದರ ಬೆಲೆ ಬೇಗ ತಿಳಿದೀತು: ಮೈದಾನದ ಗದ್ದಲ ಒಂದೇ, ವಿವರಣೆ ಮಾತ್ರ ಒಬ್ಬನಿಗೆ ಮಲೆಯಾಳದಲ್ಲಿ, ಇನ್ನೊಬ್ಬನಿಗೆ ಕನ್ನಡದಲ್ಲಿ. ಭಾಷೆ ಬದಲಿಸಿದಾಗ ಸದ್ದು ಜಿಗಿಯಬಾರದು, ಅಷ್ಟೆ.

ಆದರೆ ‘ರಾತ್ರಿ ಮೋಡ್’ ಎಂಬ ಅನುಕೂಲವನ್ನು ಒಪ್ಪಲು ನನ್ನಿಂದಾಗದು. ಏರಿದ್ದನ್ನು ಒತ್ತಿ, ಇಳಿದದ್ದನ್ನು ಎತ್ತಿ ಎಲ್ಲವನ್ನೂ ಸಪಾಟು ಮಾಡುವ ಆ ಯಂತ್ರದಲ್ಲಿ ಅರ್ಥವೇನೋ ಸ್ಪಷ್ಟವಾಗಿ ಕೇಳುತ್ತದೆ. ಮಹಿಷಾಸುರ ಬರುವಾಗಿನ ಚೆಂಡೆ ಮಾತ್ರ ಯಾರೋ ಡಬ್ಬಿ ಕುಟ್ಟಿದಂತಾಗುತ್ತದೆ. ಸಂಜೆ ಬಯಲಿನಲ್ಲಿ ‘ಕೇಳಿ’ ಬಾರಿಸಿ ಊರೂರಿನ ಜನರನ್ನು ಕರೆಯುತ್ತಿದ್ದ ವಾದ್ಯ ಅದು. ಒಂದು ರಾತ್ರಿ ಆ ಮೋಡ್ ಹಾಕಿ ನೋಡಿದೆ. ಅಸುರನ ಪ್ರವೇಶದ ಹೊತ್ತಿಗೆ ತೆಗೆದುಹಾಕಿದೆ. ಪಕ್ಕದ ಕೋಣೆಯಲ್ಲಿ ದೀಪ ಉರಿಯಿತು.