ಊರಿನ ಹೆಸರಿಲ್ಲದ ಭಂಡಾರ

ವಿಶ್ವವಿದ್ಯಾನಿಲಯಗಳೂ ಸಂಶೋಧನಾ ಸಂಸ್ಥೆಗಳೂ ತಮ್ಮಲ್ಲಿ ನಡೆದ ವಿದ್ವತ್ ಕೆಲಸವನ್ನು ಡಿಜಿಟಲ್ ರೂಪದಲ್ಲಿ ಕೂಡಿಟ್ಟು, ಓದಬಯಸುವವರೆಲ್ಲರಿಗೂ ಹಣವಿಲ್ಲದೆ ಸಿಗುವಂತೆ ತೆರೆದಿಡುವ ಏರ್ಪಾಡನ್ನು ಸಾಂಸ್ಥಿಕ ಭಂಡಾರ ಎಂದು ಕರೆಯುವುದು ಈಗ ರೂಢಿಯಾಗಿದೆ. ಪತ್ರಿಕೆಗಳಲ್ಲಿ ಅಚ್ಚಾದ ಲೇಖನ, ಅಚ್ಚಿಗೆ ಮುನ್ನ ಹಂಚಿದ ಕರಡು, ಪಿಎಚ್.ಡಿ. ಪದವಿಗೆ ಸಲ್ಲಿಸಿದ ಮಹಾಪ್ರಬಂಧ, ಸಮ್ಮೇಳನದಲ್ಲಿ ಓದಿದ ಬರಹ, ಸಮೀಕ್ಷಾ ವರದಿ ಮುಂತಾಗಿ ಅಲ್ಲಿ ಸೇರುವ ಸಾಮಗ್ರಿಯ ಬಗೆಗಳು ಹಲವು. ಭಾರತದಲ್ಲಿ ಇಂಥ ಮೊದಲ ಭಂಡಾರ ಹುಟ್ಟಿದ್ದು ಕರ್ನಾಟಕದಲ್ಲೇ ಎಂಬುದು ಕನ್ನಡಿಗರ ನೆನಪಿನಲ್ಲಿರಬೇಕಾದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಳಗಿದ್ದ ವಿಜ್ಞಾನ ಮಾಹಿತಿಯ ರಾಷ್ಟ್ರೀಯ ಕೇಂದ್ರವು ಟಿ. ಬಿ. ರಾಜಶೇಖರ್ ಅವರ ಮುಂದಾಳತ್ವದಲ್ಲಿ, ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯ ರೂಪಿಸಿದ ಉಚಿತ ತಂತ್ರಾಂಶವನ್ನು ಬಳಸಿಕೊಂಡು, 2002ರಲ್ಲಿ ‘ಇಪ್ರಿಂಟ್ಸ್’ ಭಂಡಾರವನ್ನು ಕಟ್ಟಿತು. ಮುಂದೆ 2009ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಪ್ರತಿಯೊಂದು ಮಹಾಪ್ರಬಂಧದ ಡಿಜಿಟಲ್ ಪ್ರತಿಯನ್ನು ಒಪ್ಪಿಸಬೇಕೆಂದು ನಿಯಮ ಮಾಡಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಶೋಧಗಂಗಾ’ ಆ ಪ್ರತಿಗಳ ನೆಲೆಯಾಯಿತು. ಇಂದು ಅದರಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಹಾಪ್ರಬಂಧಗಳಿವೆ.

ಈ ಸಂಖ್ಯೆಯನ್ನೇ ಸಾಧನೆಯೆಂದು ಮುಂದಿಡುವ ಪರಿಪಾಠ ಬೆಳೆದಿದೆ. ಆದರೆ ಭಂಡಾರವೊಂದರ ಬೆಲೆ ಕಟ್ಟಬೇಕಾದದ್ದು ಅದರೊಳಗೆ ಎಷ್ಟು ಸೇರಿದೆ ಎಂಬುದರಿಂದಲ್ಲ. ಸೇರಿದ್ದನ್ನು ಹುಡುಕಿ ತೆಗೆಯಲು ಬರುತ್ತದೆಯೇ, ತೆಗೆದದ್ದನ್ನು ಓದಲು ಬರುತ್ತದೆಯೇ, ಯಾವ ನೆಲದಿಂದ ಆ ವಿದ್ಯೆಯ ಸಾಮಗ್ರಿ ಹೋಯಿತೋ ಆ ನೆಲದ ಓದುಗರಿಗೆ ಅದು ಮರಳಿ ದಕ್ಕುತ್ತದೆಯೇ ಎಂಬ ಮೂರು ಪ್ರಶ್ನೆಗಳಿಂದ. ಈ ಪ್ರಶ್ನೆಗಳನ್ನು ಒಂದು ಪ್ರದೇಶವನ್ನು ಎದುರಿಗಿಟ್ಟುಕೊಂಡು ಕೇಳುವುದು ಮೇಲು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಸೀಮೆ ಅದಕ್ಕೆ ತಕ್ಕುದಾಗಿದೆ. ಏಕೆಂದರೆ ಒಂದಕ್ಕೊಂದು ಸಂಬಂಧವಿಲ್ಲದ ಶಾಸ್ತ್ರಗಳು ಈ ಸೀಮೆಯನ್ನು ಶತಮಾನಕ್ಕೂ ಮಿಕ್ಕ ಕಾಲದಿಂದ ಅಧ್ಯಯನ ಮಾಡುತ್ತ ಬಂದಿವೆ. ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದಂಥ ಊರಿನ ಶಾಲಾ ಶಿಕ್ಷಕರೊಬ್ಬರು ತಮ್ಮ ಸುತ್ತಲಿನ ಕಲ್ಲು, ಕಸುಬು, ಹಾಡು, ಶಾಸನಗಳ ಬಗ್ಗೆ ವಿದ್ವಾಂಸರು ಏನು ಹೇಳಿದ್ದಾರೆಂದು ತಿಳಿಯಬಯಸಿದರೆ ಈ ಭಂಡಾರಗಳು ಅವರಿಗೆ ಎಷ್ಟರಮಟ್ಟಿಗೆ ಒದಗುತ್ತವೆ ಎಂಬುದೇ ಇಲ್ಲಿಯ ಒರೆಗಲ್ಲು.

ಸಾಮಗ್ರಿಗೇನೂ ಬಡತನವಿಲ್ಲ. ರಾಮನಗರದ ಬೆಟ್ಟಗಳ ಕಲ್ಲು ಸುಮಾರು 250 ಕೋಟಿ ವರ್ಷಗಳ ಹಿಂದಿನದು. ತೆಂಕಣದಿಂದ ಬಡಗಣಕ್ಕೆ ನಾನೂರು ಕಿಲೋಮೀಟರಿನಷ್ಟು ಉದ್ದ ಹಬ್ಬಿರುವ ಆ ಶಿಲಾಪಟ್ಟಿಯ ವಯಸ್ಸು, ರಸಾಯನ, ಹುಟ್ಟಿನ ರೀತಿಗಳ ಬಗ್ಗೆ ಭಾರತದಲ್ಲಿಯೂ ಹೊರದೇಶಗಳಲ್ಲಿಯೂ ಲೇಖನಗಳು ಬಂದಿವೆ, ಬಿ. ಪಿ. ರಾಧಾಕೃಷ್ಣ ಅವರು 1956ರಲ್ಲಿ ಒಂದು ಸ್ವತಂತ್ರ ಗ್ರಂಥವನ್ನೇ ಪ್ರಕಟಿಸಿದ್ದಾರೆ. ಉದ್ದ ಕೊಕ್ಕಿನ ರಣಹದ್ದುಗಳ ನೆಲೆಯೆಂದು 2012ರಲ್ಲಿ ಅಭಯಾರಣ್ಯವಾದ ರಾಮದೇವರಬೆಟ್ಟವನ್ನು ಪಕ್ಷಿಶಾಸ್ತ್ರಜ್ಞರೂ, ರೇಷ್ಮೆಗೂಡಿನ ಮಾರುಕಟ್ಟೆಯನ್ನು ಅರ್ಥಶಾಸ್ತ್ರಜ್ಞರೂ ಅಭ್ಯಾಸ ಮಾಡಿದ್ದಾರೆ. ಆಲೆಮರದ ತುಂಡನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಿಡಿದು, ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುವ ಚನ್ನಪಟ್ಟಣದ ಬೊಂಬೆ ಕಸುಬು ವಾಣಿಜ್ಯ, ವಿನ್ಯಾಸ, ಸಮಾಜಶಾಸ್ತ್ರ ಮೂರಕ್ಕೂ ವಸ್ತುವಾಗಿದೆ. ಮುಂಬಯಿಯ ಐಐಟಿಯ ವಿನ್ಯಾಸ ವಿಭಾಗವು ತನ್ನ ‘ಡಿಸೋರ್ಸ್’ ಸಂಗ್ರಹದಲ್ಲಿ ಅದನ್ನು ಚಿತ್ರಸಹಿತ ದಾಖಲಿಸಿದೆ. ಇಷ್ಟೆಲ್ಲ ಬಗೆಯ ವಿದ್ಯೆ ಒಂದೇ ಸೀಮೆಯನ್ನು ಕುರಿತು ಹುಟ್ಟಿದ್ದರೂ, ಅದೆಲ್ಲ ಒಂದೇ ಸೀಮೆಯದೆಂಬುದು ಯಾವ ಭಂಡಾರದಲ್ಲಿಯೂ ಗೋಚರವಾಗುವುದಿಲ್ಲ.

ಇದಕ್ಕೆ ಕಾರಣ ವಿವರಪಟ್ಟಿಯ ರಚನೆಯಲ್ಲಿದೆ. ಭಂಡಾರಕ್ಕೆ ಸೇರುವ ಪ್ರತಿಯೊಂದು ಕೃತಿಯ ಜೊತೆಗೆ ಕರ್ತೃ, ಶೀರ್ಷಿಕೆ, ವರ್ಷ, ವಿಷಯ ಮೊದಲಾದ ಗುರುತುಗಳ ಪಟ್ಟಿಯೊಂದನ್ನು ತುಂಬಿಸಲಾಗುತ್ತದೆ. ಮೆಟಾಡೇಟಾ ಎಂದು ಕರೆಯುವುದು ಇದನ್ನೇ, ಮತ್ತು ಹುಡುಕಾಟವೆಲ್ಲ ನಡೆಯುವುದು ಮುಖ್ಯವಾಗಿ ಇದರ ಮೇಲೆಯೇ. ಶೋಧಗಂಗೆಯ ಪಟ್ಟಿಯಲ್ಲಿ ಸಂಶೋಧಕರ ಹೆಸರಿದೆ, ಮಾರ್ಗದರ್ಶಕರ ಹೆಸರಿದೆ, ವಿಭಾಗ, ವಿಶ್ವವಿದ್ಯಾನಿಲಯ, ಮುಗಿಸಿದ ದಿನಾಂಕ ಇವೆ. ಕ್ಷೇತ್ರಕಾರ್ಯ ನಡೆದ ಊರು, ಹೋಬಳಿ, ತಾಲ್ಲೂಕುಗಳಿಗೆಂದೇ ಮೀಸಲಾದ ಕಲಮು ಇಲ್ಲ. ಆದ್ದರಿಂದ ಮಹಾಪ್ರಬಂಧವು ಪದವಿ ಕೊಟ್ಟ ಸಂಸ್ಥೆಯ ಆಸ್ತಿಯಾಗಿ ಕಾಣುತ್ತದೆಯೇ ಹೊರತು ಅದು ಬಣ್ಣಿಸುವ ಊರಿನದಾಗಿ ಕಾಣುವುದಿಲ್ಲ. ಊರಿನ ಹೆಸರು ಶೀರ್ಷಿಕೆಯಲ್ಲೇ ಇದ್ದರೂ ತೊಡಕು ತಪ್ಪದು. ಒಂದೇ ಚನ್ನಪಟ್ಟಣ ರೋಮನ್ ಲಿಪಿಯಲ್ಲಿ ನಾಲ್ಕಾರು ಕಾಗುಣಿತಗಳಲ್ಲಿ ಸಿಗುತ್ತದೆ, ಹಳೆಯ ಬರಹಗಳಲ್ಲಿ ಕನಕಪುರವು ಕಾನಕಾನಹಳ್ಳಿಯಾಗಿದೆ. ರಾಮನಗರದ ಕಲ್ಲಿನ ಮೇಲಿನ ಲೇಖನಗಳಂತೂ ಆ ಹೆಸರಿನಿಂದ ಹುಡುಕುವವರಿಗೆ ಬಹುಮಟ್ಟಿಗೆ ತಪ್ಪಿಹೋಗುತ್ತವೆ. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಅವರ ಹೆಸರಿನಿಂದ ಬಂದ ಕ್ಲೋಸ್‌ಪೇಟೆ ಎಂಬ ಹಳೆಯ ಹೆಸರನ್ನು ಊರು ಬಿಟ್ಟಿತು, ಭೂವಿಜ್ಞಾನ ಬಿಡಲಿಲ್ಲ. ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕೇಳಿದವರಿಗಷ್ಟೇ ಆ ಸಾಹಿತ್ಯದ ಬಾಗಿಲು ತೆರೆಯುತ್ತದೆ.

ಊರನ್ನೇ ಮೊದಲ ಗುರುತಾಗಿ ಹಿಡಿದು ವಿದ್ಯೆಯನ್ನು ಜೋಡಿಸುವ ಕ್ರಮ ಈ ನಾಡಿಗೆ ಹೊಸದಲ್ಲ ಎಂಬುದಕ್ಕೆ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಾಕ್ಷಿಯಾಗಿದೆ. ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳನ್ನೊಳಗೊಂಡ ಅದರ ಒಂಬತ್ತನೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ಚನ್ನಪಟ್ಟಣ, ಮಾಗಡಿ, ಕಾನಕಾನಹಳ್ಳಿ ತಾಲ್ಲೂಕುಗಳು ಅದರಲ್ಲಿ ಒಂದೊಂದು ಪ್ರತ್ಯೇಕ ವಿಭಾಗಗಳಾಗಿವೆ. ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರಿನ ಸಂಕ್ಷೇಪವೂ ಸಂಖ್ಯೆಯೂ ಇದ್ದು, ಅದರ ತಲೆಬರಹದಲ್ಲಿ ಊರು ಯಾವುದು, ಹೋಬಳಿ ಯಾವುದು, ಕಲ್ಲು ನಿಂತಿರುವುದು ದೇವಸ್ಥಾನದ ಗೋಡೆಯಲ್ಲೋ ಹೊಲದಲ್ಲೋ ಕೆರೆಯ ಬಳಿಯಲ್ಲೋ ಎಂಬ ವಿವರ ಬರುತ್ತದೆ. ಅನಂತರ ಕನ್ನಡ ಲಿಪಿಯ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ದೊರೆಯುತ್ತವೆ. ಪಾಠದಲ್ಲಿ ತಪ್ಪುಗಳಿರಬಹುದು, ಅನುವಾದ ಅಲ್ಲಲ್ಲಿ ಸೊರಗಿರಬಹುದು. ಅವನ್ನು ಮುಂದಿನ ವಿದ್ವಾಂಸರು ತಿದ್ದಿದ್ದಾರೆ. ಆದರೆ ಹೋಬಳಿಯ ಮಟ್ಟಕ್ಕೆ ಇಳಿದು ಊರನ್ನು ಗುರುತಿಸಿದ ಆ ಕ್ರಮದಿಂದಾಗಿ, ಇಂಗ್ಲಿಷಿನ ನಂಟು ಅಷ್ಟಾಗಿಲ್ಲದ ಓದುಗರೂ ತಮ್ಮ ಊರಿನ ಕಲ್ಲಿನ ಪಾಠವನ್ನು ಇಂದಿಗೂ ಗಳಿಗೆಯೊಳಗೆ ತೆಗೆಯಬಲ್ಲರು. ಅಚ್ಚುಮೊಳೆಯ ಕಾಲದಲ್ಲಿ ಸಾಧ್ಯವಾದ ಈ ಸೌಕರ್ಯವು ಗಣಕಯಂತ್ರದ ಕಾಲದ ಭಂಡಾರಗಳಲ್ಲಿ ಇಲ್ಲದಿರುವುದಕ್ಕೆ ತಾಂತ್ರಿಕ ಕಾರಣವೇನೂ ಇಲ್ಲ. ಪದವಿ ಕೊಡುವ ಸಂಸ್ಥೆಯ ಆಡಳಿತದ ಅನುಕೂಲವನ್ನು ನೋಡಿ ಪಟ್ಟಿಯನ್ನು ರೂಪಿಸಲಾಯಿತು, ಓದುಗನ ಅಗತ್ಯವನ್ನು ನೋಡಿ ಅಲ್ಲ.

ಎರಡನೆಯ ಕೊರತೆ ಇನ್ನೂ ಆಳವಾದದ್ದು, ಮತ್ತು ಅದು ಕನ್ನಡದ ಮಹಾಪ್ರಬಂಧಗಳಿಗೇ ತಟ್ಟಿದ ಕೊರತೆ. ಕನ್ನಡದಲ್ಲಿ ಬರೆದ ಸಂಶೋಧನೆಯ ಬಹುಪಾಲು ವಿಶ್ವವಿದ್ಯಾನಿಲಯದ ಆಸುಪಾಸಿನ ಡಿಟಿಪಿ ಅಂಗಡಿಗಳಲ್ಲಿ ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾಯಿತು. ಈ ಶೈಲಿಗಳಲ್ಲಿ ತೆರೆಯ ಮೇಲೆ ಕಾಣುವುದು ಕನ್ನಡದ ಆಕಾರವಾದರೂ ಗಣಕದೊಳಗೆ ಕೂತಿರುವುದು ರೋಮನ್ ಅಕ್ಷರಗಳ ಸಂಕೇತ. ಲೋಕದ ಎಲ್ಲ ಲಿಪಿಗಳಿಗೂ ಬೇರೆ ಬೇರೆ ಸಂಕೇತ ಕೊಟ್ಟ ಯೂನಿಕೋಡ್ ವ್ಯವಸ್ಥೆಗೆ ಇವು ಹೊರಗು. ನುಡಿಯ ಹಳೆಯ ಶೈಲಿಯಲ್ಲಿ ‘ಕನ್ನಡ’ ಎಂದು ಅಚ್ಚಾದ ಪದವನ್ನು ಪಿಡಿಎಫ್ ಕಡತದಿಂದ ನಕಲು ಮಾಡಿ ಬೇರೆಡೆ ಅಂಟಿಸಿದರೆ ಸಿಗುವುದು ರೋಮನ್ನಿನ ದೊಡ್ಡ ‘ಪಿ’, ನೆತ್ತಿಯ ಮೇಲೆ ಓರೆಗೀಟು ಹೊತ್ತ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ‘ಕ್ಯೂ’ ಇವುಗಳ ಸಾಲು. ಹೀಗಾಗಿ ಕಡತದೊಳಗೆ ನೂರು ಸಲ ಬಂದಿರುವ ಕನ್ನಡದ ಪದವೊಂದು ಯಾವ ಹುಡುಕಾಟಕ್ಕೂ ಸಿಕ್ಕುವುದಿಲ್ಲ. ಇನ್ನು ಕಾಗದದ ಪ್ರತಿಯನ್ನು ಸ್ಕ್ಯಾನ್ ಮಾಡಿ ಏರಿಸಿದ ಮಹಾಪ್ರಬಂಧಗಳು ಗಣಕದ ಪಾಲಿಗೆ ಬರಿಯ ಚಿತ್ರಗಳು. ಇದರ ಮೇಲೆ ಹಲವು ಕನ್ನಡ ಪ್ರಬಂಧಗಳ ಶೀರ್ಷಿಕೆಯೂ ರೋಮನ್ ಲಿಪಿಯಲ್ಲಿ, ಒಬ್ಬೊಬ್ಬರು ಒಂದೊಂದು ರೀತಿ ಬರೆದಂತೆ, ದಾಖಲಾಗಿದೆ. ಇಂಗ್ಲಿಷಿನ ಒಂದು ರಸಾಯನಶಾಸ್ತ್ರ ಲೇಖನವು ಪದಪದವಾಗಿ ಹುಡುಕಲು ಸಿಗುವ ಭಂಡಾರದಲ್ಲೇ, ಕನ್ನಡದ ಒಂದು ಜಾನಪದ ಪ್ರಬಂಧವು ಮುಚ್ಚಿದ ಪೆಟ್ಟಿಗೆಯಾಗಿ ಕೂತಿರುವುದು ಸಣ್ಣ ಅನ್ಯಾಯವಲ್ಲ.

ಆ ಪೆಟ್ಟಿಗೆಯಲ್ಲಿ ಏನಿದೆಯೆಂದು ತಿಳಿದವರಿಗೆ ಈ ಅನ್ಯಾಯದ ತೂಕ ಹೆಚ್ಚಾಗಿ ತೋರುತ್ತದೆ. ಶೋಧಗಂಗೆಯಲ್ಲಿ ಮಹಾಪ್ರಬಂಧವು ಇಡಿಯಾಗಿರುವುದಿಲ್ಲ. ಮುಖಪುಟ, ಪ್ರಮಾಣಪತ್ರ, ಪರಿವಿಡಿ, ಒಂದೊಂದು ಅಧ್ಯಾಯ ಬೇರೆ ಬೇರೆ ಕಡತಗಳಾಗಿ, ಸಂಖ್ಯೆ ಹೊತ್ತು, ಸಾಲಾಗಿ ನಿಂತಿರುತ್ತವೆ. ಅವುಗಳಲ್ಲಿ ಕೊನೆಯ ಕಡೆಗೆ ಇರುವ ಅನುಬಂಧವನ್ನು ಪರೀಕ್ಷಕರು ಹೆಚ್ಚಾಗಿ ಹಗುರಾಗಿ ನೋಡುತ್ತಾರೆ. ಜಾನಪದದ ಪ್ರಬಂಧವಾದರೆ ಆ ಅನುಬಂಧದಲ್ಲಿ ಸಂಗ್ರಹಿಸಿದ ಹಾಡುಗಳು, ಒಗಟುಗಳು, ಆಚರಣೆಯ ವಿವರಗಳು ಇರುತ್ತವೆ. ಹಾಡಿದವರ ಅಥವಾ ಹೇಳಿದವರ, ಅಂದರೆ ವಕ್ತೃಗಳ, ಹೆಸರು, ವಯಸ್ಸು, ಊರುಗಳ ಪಟ್ಟಿ ಇರುತ್ತದೆ. ಹಿಂದಿನ ಅಧ್ಯಾಯಗಳಲ್ಲಿ ‘ಜಾನಪದ ಎಂದರೇನು’ ಎಂಬ ವ್ಯಾಖ್ಯೆಗಳು ಒಂದು ಪ್ರಬಂಧದಿಂದ ಇನ್ನೊಂದಕ್ಕೆ ಹೆಚ್ಚು ಬದಲಾಗದೆ ಮರುಕಳಿಸಿದರೂ, ಅನುಬಂಧದ ಸಾಮಗ್ರಿ ಮಾತ್ರ ಬೇರೆಲ್ಲಿಯೂ ಇಲ್ಲದ್ದು. ಪ್ರಬಂಧದ ವಾದವನ್ನು ಒಪ್ಪದವರಿಗೂ ಆ ಪುಟಗಳು ಬೇಕು. ಹೀಗಿದ್ದೂ ಭಂಡಾರದ ವಿವರಪಟ್ಟಿಯು ಅನುಬಂಧದೊಳಗೆ ಇಣುಕುವುದೇ ಇಲ್ಲ.

ಧ್ವನಿಯ ಗತಿ ಇದಕ್ಕಿಂತಲೂ ದುಸ್ಥಿತಿಯದು. ಕ್ಷೇತ್ರಕಾರ್ಯದಲ್ಲಿ ಮುದ್ರಿಸಿಕೊಂಡ ಹಾಡು ಪ್ರಬಂಧಕ್ಕೆ ಬರುವಾಗ ಅಕ್ಷರವಾಗುತ್ತದೆ, ಧಾಟಿ ಕ್ಯಾಸೆಟ್ಟಿನಲ್ಲೇ ಉಳಿಯುತ್ತದೆ; ಭಂಡಾರವು ಕೇಳುವುದು ಪ್ರಬಂಧದ ಪ್ರತಿಯನ್ನಷ್ಟೇ ಆದ್ದರಿಂದ ಕ್ಯಾಸೆಟ್ಟು ಸಂಶೋಧಕರ ಮನೆಯಲ್ಲಿ ಉಳಿದು ಹಾಳಾಗುತ್ತದೆ. ರಾಮನಗರದ ನೆಲದಲ್ಲಿ ಈ ಮಾತು ಮತ್ತಷ್ಟು ಚುಚ್ಚುತ್ತದೆ. ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ಮೈಸೂರು ರಸ್ತೆಯ ಬದಿಯಲ್ಲಿ ಕಟ್ಟಿದ ಜಾನಪದ ಲೋಕವು 1994ರಿಂದ ಇದೇ ಊರಿನಲ್ಲಿದೆ. ಲೋಕಮಹಲ್, ಆಯಗಾರ ಮಾಳ, ಶಿಲ್ಪಮಾಳಗಳಲ್ಲಿ ಅದು ವಸ್ತುಗಳನ್ನು ಉಳಿಸಿದ್ದಲ್ಲದೆ, ಕಲಾವಿದರ ಹಾಡು ಕುಣಿತಗಳ ಧ್ವನಿ ಮತ್ತು ದೃಶ್ಯ ಮುದ್ರಣಗಳನ್ನೂ ಕೂಡಿಹಾಕಿತು. ವಿಶ್ವವಿದ್ಯಾನಿಲಯಗಳು ಪದವಿಗೆ ಬೇಕಾದ ಕಾಗದವನ್ನು ಕಾಪಾಡುತ್ತಿದ್ದಾಗ, ನಿವೃತ್ತ ಅಧಿಕಾರಿಯೊಬ್ಬರ ಹಟದಿಂದ ಎದ್ದ ಸಂಸ್ಥೆಯೊಂದು ದನಿಯನ್ನು ಕಾಪಾಡಿತು; ವಿದ್ವತ್ತಿನ ಸಂರಕ್ಷಣೆಯ ಲೆಕ್ಕದಲ್ಲಿ ಇದು ದೊಡ್ಡ ಕೆಲಸವೆಂದು ಒಪ್ಪಲೇಬೇಕು. ಆದರೆ ಪ್ರಬಂಧದ ದಾಖಲೆಯಿಂದ ಈ ಮುದ್ರಣಗಳಿಗೆ ಹೋಗುವ ಕೊಂಡಿ ಇಲ್ಲ. ಬರೆದ ಹಾಡು ಗಾಂಧಿನಗರದಲ್ಲಿ, ಹಾಡಿದ ಹಾಡು ರಾಮನಗರದಲ್ಲಿ, ಒಂದರ ಸುಳಿವು ಇನ್ನೊಂದಕ್ಕಿಲ್ಲ.

ಈ ಆಕ್ಷೇಪಗಳು ಭಂಡಾರಗಳ ಉಪಕಾರವನ್ನು ಮರೆಮಾಡಬಾರದು. ಶೋಧಗಂಗೆಗೆ ಮೊದಲು ಗಟ್ಟಿರಟ್ಟಿನ ಬೈಂಡು ಹೊತ್ತ ಮಹಾಪ್ರಬಂಧವು ವಿಶ್ವವಿದ್ಯಾನಿಲಯದ ಗ್ರಂಥಾಲಯ, ಮಾರ್ಗದರ್ಶಕರ ಬೀರು ಬಿಟ್ಟರೆ ಬೇರೆಡೆ ಕಾಣುತ್ತಿರಲಿಲ್ಲ. ಪುಸ್ತಕವಾಗಿ ಅಚ್ಚಾಗುವ ಅದೃಷ್ಟ ಕೆಲವಕ್ಕೆ ಮಾತ್ರ ಇತ್ತು. ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನ ಅಧ್ಯಾಪಕರು ಈಗ ಮೈಸೂರಿಗೋ ಧಾರವಾಡಕ್ಕೋ ಹೋಗದೆ ಅದನ್ನು ಓದಬಲ್ಲರು, ಮತ್ತು ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ಎತ್ತಿ ಬರೆದರೆ ಅದು ಹಿಂದಿನಷ್ಟು ಸುಲಭವಾಗಿ ಅಡಗುವುದಿಲ್ಲ. ವಿಜ್ಞಾನ ಸಂಸ್ಥೆಯ ಇಪ್ರಿಂಟ್ಸ್ ಭಂಡಾರದ ವಿವರಪಟ್ಟಿಗಳು ಅಚ್ಚುಕಟ್ಟಾಗಿವೆ. ಪ್ರಕಾಶಕರ ಹಕ್ಕಿನ ಕಾರಣದಿಂದ ಅನೇಕ ಲೇಖನಗಳ ಪೂರ್ಣಪಾಠವು ಸಂಸ್ಥೆಯ ನೋಂದಾಯಿತರಿಗೆ ಮೀಸಲಾಗಿದ್ದು, ಉಳಿದವರು ಪ್ರತಿಯನ್ನು ಕೋರಿ ಬರೆಯಬೇಕಾಗಿರುವುದು ಮಾತ್ರ ತೆರೆದಿಡುವ ಆಶಯಕ್ಕೆ ಒಪ್ಪುವಂಥದಲ್ಲ.

ಮಾರ್ಗ ಕಾಣದ ಸ್ಥಿತಿಯೂ ಇದಲ್ಲ. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಗೆ ಒಳಪಡಿಸಿ, ಕಲ್ಲು ಇರುವ ಜಾಗದ ಗುರುತಿನೊಡನೆ ಸಾರ್ವಜನಿಕರಿಗೆ ಒದಗಿಸುತ್ತಿದೆ. ರೈಸ್ ಅವರು ಹೋಬಳಿಯವರೆಗೆ ಒಯ್ದ ಕ್ರಮವನ್ನು ಅದು ಕಲ್ಲಿನ ಬುಡದವರೆಗೆ ಒಯ್ದಿದೆ. ಹಳೆಯ ಶೈಲಿಯ ಕನ್ನಡವನ್ನು ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಲಕರಣೆಗಳನ್ನು ಕನ್ನಡದ ಆಸಕ್ತರೇ ರಚಿಸಿದ್ದಾರೆ, ಸ್ಕ್ಯಾನ್ ಮಾಡಿದ ಪುಟದಿಂದ ಅಕ್ಷರ ಗುರುತಿಸುವ ‘ಲಿಪಿ ಜ್ಞಾನಿ’ ತಂತ್ರಾಂಶವು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲೇ ಸಿದ್ಧವಾಗಿದೆ. ಕೊರತೆಯಿರುವುದು ಇವುಗಳನ್ನು ಭಂಡಾರದ ಕೆಲಸಕ್ಕೆ ಹೂಡುವ ನಿರ್ಧಾರದಲ್ಲಿ, ಮತ್ತು ಆ ನಿರ್ಧಾರ ಕೈಗೊಳ್ಳಬೇಕಾದವರು ಪ್ರತಿಯನ್ನು ಏರಿಸಿ ಕೈತೊಳೆದುಕೊಳ್ಳುವ ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳು. ಎಲ್ಲವನ್ನೂ ಒಮ್ಮೆಗೇ ಮಾಡಲಾಗದಿದ್ದರೆ ಜಾನಪದ ಮತ್ತು ಕಸುಬುಗಳ ಕುರಿತ ಕನ್ನಡ ಪ್ರಬಂಧಗಳ ಅನುಬಂಧಗಳಿಂದ ಮೊದಲುಮಾಡಬೇಕು: ಅವನ್ನು ಯೂನಿಕೋಡಿಗೆ ತಂದು, ಪ್ರತಿ ಹಾಡಿಗೂ ಊರು, ಹೋಬಳಿ, ತಾಲ್ಲೂಕುಗಳ ಗುರುತು ಸೇರಿಸಿ, ಸಂಶೋಧಕರ ಬಳಿ ಉಳಿದ ಮುದ್ರಣಗಳನ್ನು ಕೇಳಿ ಪಡೆಯಬೇಕು. ಗ್ರಾನೈಟಿನ ಲೇಖನಕ್ಕೆ ಇನ್ನೂ ಹತ್ತು ವರ್ಷ ಕಾಯುವ ತಾಳಿಕೆ ಇದೆ. ಕ್ಯಾಸೆಟ್ಟಿಗೆ ಇಲ್ಲ, ಅದರ ಮೇಲಿನ ದನಿ ಯಾರದು, ಯಾವ ಊರಿನದು ಎಂದು ಹೇಳಬಲ್ಲ ಸಂಶೋಧಕರಿಗೂ ವಯಸ್ಸಾಗುತ್ತಿದೆ.