ಗಾಂಜಾದ ಸುದ್ದಿ ಮತ್ತು ನೋವಿನ ಮೌನ

ಗಾಂಜಾ ಕುರಿತು ಕನ್ನಡದಲ್ಲಿ ಎರಡು ಬಗೆಯ ಬರಹಗಳು ಕಾಣಸಿಗುತ್ತವೆ. ಮೊದಲನೆಯದು ಪೊಲೀಸ್ ಸುದ್ದಿ. ಇಷ್ಟು ಕಿಲೋ ವಶ, ಇಷ್ಟು ಮಂದಿ ಸೆರೆ, ಮೆಣಸಿನಕಾಯಿ ಸಾಲುಗಳ ನಡುವೆ ಕದ್ದು ಬೆಳೆದ ಗಿಡಗಳ ಮುಂದೆ ನಿಂತ ಅಧಿಕಾರಿಗಳ ಭಾವಚಿತ್ರ. ಎರಡನೆಯದು ಪವಾಡದ ಸುದ್ದಿ. 'ವಿಜಯಾ' ಎಂಬ ಆಯುರ್ವೇದದ ಹೆಸರು ಹೊತ್ತ ಎಣ್ಣೆಯ ಎರಡು ಹನಿ ನಾಲಿಗೆಯ ಕೆಳಗೆ ಬಿಟ್ಟುಕೊಂಡರೆ ಮಂಡಿನೋವಿನಿಂದ ಹಿಡಿದು ಕ್ಯಾನ್ಸರಿನವರೆಗೆ ಎಲ್ಲವೂ ಹಗುರಾಗುತ್ತದೆ ಎಂಬ ಭರವಸೆ ಅದರಲ್ಲಿರುತ್ತದೆ. ಮೊದಲನೆಯದನ್ನು ಓದಿದವರು ಹೆದರುತ್ತಾರೆ, ಎರಡನೆಯದನ್ನು ಓದಿದವರು ಹಣ ಹೊಂದಿಸುತ್ತಾರೆ. ವರ್ಷಗಟ್ಟಲೆ ನೋವು ಹೊತ್ತು ಬದುಕುವ ಮನುಷ್ಯರು ಈ ಎರಡರಲ್ಲೂ ಇಲ್ಲ. ನಮ್ಮ ತಕರಾರು ಇರುವುದು ಇಲ್ಲಿಯೇ.

2020ರ ಒಂದೇ ವರ್ಷವನ್ನು ತೆಗೆದುಕೊಳ್ಳೋಣ. ಅದರ ಆರಂಭದಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಗಾಂಜಾ ಆಧಾರಿತ ಔಷಧ ಕೊಡುವ ಚಿಕಿತ್ಸಾಲಯವೊಂದು ಬಾಗಿಲು ತೆರೆಯಿತು. ಸೆಪ್ಟೆಂಬರ್ ಹೊತ್ತಿಗೆ ಕನ್ನಡ ಚಿತ್ರರಂಗದ ಮಾದಕವಸ್ತು ಪ್ರಕರಣ ಟೀವಿ ಪರದೆಗಳನ್ನು ತುಂಬಿಕೊಂಡಿತು. ಅದೇ ವರ್ಷ ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಸನ್ನಿಧಿಯಲ್ಲಿ ಗಾಂಜಾ ಪ್ರಸಾದವಾಗಿ ಸಲ್ಲುತ್ತದೆಂಬ ವರದಿಗಳು ಬಂದವು. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಆ ಜಾಗದ ಶರಣ, ಆರೂಢ, ಅವಧೂತ ಪರಂಪರೆಗಳ ಬಗ್ಗೆ ರಾಜಧಾನಿಯ ಪತ್ರಿಕೆಗಳಿಗೆ ಹಠಾತ್ತನೆ ಕುತೂಹಲ ಮೂಡಿತು. ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಮಾದಕ ಔಷಧ ಆಯೋಗವು 27-25 ಮತಗಳಿಂದ ಗಾಂಜಾವನ್ನು 1961ರ ಒಪ್ಪಂದದ ಅತಿ ಕಠಿಣ ಪಟ್ಟಿಯಿಂದ ಕೈಬಿಟ್ಟಿತು. ಭಾರತ ಅದರ ಪರವಾಗಿ ಮತ ಹಾಕಿತು. ಮನೆಯಲ್ಲಿ ಗಾಂಜಾ ಸಿಕ್ಕಿತೆಂದು ಹಗಲಿರುಳು ಕೂಗಿದ ಚಾನೆಲ್ಲುಗಳಿಗೆ ನಮ್ಮದೇ ದೇಶದ ಈ ಮತ ದೊಡ್ಡ ಸುದ್ದಿಯಾಗಲಿಲ್ಲ.

ಈ ಗದ್ದಲದಿಂದ ದೂರ, ಗಜೇಂದ್ರಗಡ ತಾಲ್ಲೂಕಿನ ಮುಶಿಗೇರಿಯಂಥ ಊರಿಗೆ ಬನ್ನಿ. ಎರೆಭೂಮಿ. ಕಡಲೆ, ಜೋಳ, ಹೆಸರು, ಉಳ್ಳಾಗಡ್ಡಿ. ಬಗ್ಗಿ ಕಳೆ ತೆಗೆದು, ಕುಕ್ಕರಗಾಲಲ್ಲಿ ಕುಳಿತು ಉಳ್ಳಾಗಡ್ಡಿ ಕೊಯ್ದು ನಲವತ್ತು ದಾಟುವಷ್ಟರಲ್ಲಿ ಹೆಣ್ಣುಮಕ್ಕಳ ಸೊಂಟ, ಮೊಣಕಾಲು ಸೋತಿರುತ್ತವೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ ನೋವು ಎನ್ನುತ್ತದೆ. ಇಲ್ಲಿಯವರಿಗೆ ಮೂರು ತಿಂಗಳು ಒಂದು ಲೆಕ್ಕವೇ ಅಲ್ಲ. "ಮಗಳ ಮದುವಿ ಆದ ವರ್ಷದಿಂದ ಐತ್ರಿ" ಎಂದು ಹೇಳುವವರಿದ್ದಾರೆ. ಅವರ ಔಷಧ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ನೋವಿನ ಗುಳಿಗೆ. ತಡೆಯದಾದಾಗ ಹತ್ತಿರದ ಯಾರಲ್ಲಾದರೂ ಹೋಗಿ ಸೂಜಿ ಮಾಡಿಸಿಕೊಂಡು ಬರುವುದು. ಡೈಕ್ಲೋಫೆನಾಕ್‌ನಂಥ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಸೂಜಿಯಲ್ಲಿ ಸ್ಟಿರಾಯ್ಡ್ ಇದ್ದರೆ ಎರಡು ದಿನ ಮೈ ಹಗುರ, ಆಮೇಲೆ ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ. ಈ ಹಾನಿಗೆ ಯಾವ ಪೊಲೀಸ್ ಸುದ್ದಿಯೂ ಇಲ್ಲ.

ನೋವನ್ನು ಹೇಳುವ ಭಾಷೆಯೂ ಇಲ್ಲಿ ಬೇರೆ. ಸೊಂಟ ಹಿಡಿಯುತ್ತದೆ, ಕಾಲು ಹರಿಯುತ್ತವೆ, ಬೆನ್ನಲ್ಲಿ ಚಳಕು ಹೊಡೆಯುತ್ತದೆ, ಕೈ ಜೋಮು ಹಿಡಿಯುತ್ತದೆ. ನಮ್ಮ ಮನೆಗಳ ದಖ್ಖನಿಯಲ್ಲಿ ಕಮರ್ ಅಕಡಿಹೋಗುತ್ತದೆ. ಒಂದೊಂದು ಮಾತೂ ಒಂದೊಂದು ಬಗೆಯ ನೋವಿನ ಗುರುತು. ನರದ ನೋವು ಯಾವುದು, ಕೀಲಿನದು ಯಾವುದು ಎಂಬುದನ್ನು ಕೇಳುವ ಕಿವಿಯಿದ್ದ ವೈದ್ಯ ಈ ಮಾತುಗಳಿಂದಲೇ ಅರ್ಧ ತಿಳಿಯಬಲ್ಲ. ಆದರೆ ಚೀಟಿಯ ಮೇಲೆ ಬೀಳುವುದು 'ಮೈಕೈ ನೋವು' ಎಂಬ ಎರಡು ಪದ. ಉರ್ದು ಗಜಲಿನಲ್ಲಿ ದರ್ದ್‌ಗೆ ಇರುವ ಮರ್ಯಾದೆ ಉಳ್ಳಾಗಡ್ಡಿ ಹೊಲದ ದರ್ದ್‌ಗೆ ದಕ್ಕಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ನಮ್ಮ ಪತ್ರಿಕೆಗಳು ಸರಿಯಾಗಿ ತಿಳಿಸಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ, ಕಾಯಿ ಬಿಟ್ಟ ತುದಿ. ತುದಿಯಿಲ್ಲದ ಬರಿ ಎಲೆ ಮತ್ತು ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಭಂಗಿ ಆ ಕಾಯ್ದೆಯಡಿ ನಿಷೇಧಿತ ವಸ್ತುವೆಂದು ಘೋಷಣೆಯಾಗಿಲ್ಲವೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ಪ್ರಕರಣವೊಂದರಲ್ಲಿ ಹೇಳಿತು. ಎಲೆಯಿಂದ ಮಾಡಿದ ಆಯುರ್ವೇದದ ಎಣ್ಣೆ, ಗುಳಿಗೆಗಳು ಪರವಾನಗಿ ಪಡೆದು ಮಾರಾಟವಾಗುವುದು ಈ ದಾರಿಯಿಂದ. ಔಷಧ ನಿಯಮಗಳ ಇ(1) ಅನುಸೂಚಿಯಲ್ಲಿ ಭಂಗಿಯು ವೈದ್ಯರ ನಿಗಾದಲ್ಲಷ್ಟೇ ಬಳಸಬೇಕಾದ ವಿಷವಸ್ತುಗಳ ಪಟ್ಟಿಯಲ್ಲಿದೆ. ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಕಾಯ್ದೆಯ 8ನೇ ಕಲಮಿನಲ್ಲೇ ಅವಕಾಶವಿದೆ. ಹೀಗಿದ್ದೂ ಫಲ ಯಾರಿಗೆ? ನಗರದ ಗಿರಾಕಿಗೆ ಚೀಟಿ ಬರೆಸಿಕೊಂಡು ಬಾಟಲಿ ತರಿಸುವ ಶಕ್ತಿಯಿದೆ. ಆ ಬಾಟಲಿಯ ಬೆಲೆ ಕೂಲಿ ಹೆಣ್ಣಿನ ಹಲವು ದಿನಗಳ ದುಡಿಮೆ. ಹಳ್ಳಿಯ ಹುಡುಗನ ಜೇಬಿನಲ್ಲಿ ಒಂದು ಪೊಟ್ಟಣ ಸಿಕ್ಕರೆ ಒಂದು ವರ್ಷದವರೆಗೆ ಜೈಲು, ಹಿತ್ತಲಲ್ಲಿ ಗಿಡ ಸಿಕ್ಕರೆ ಹತ್ತು ವರ್ಷದವರೆಗೆ. ಆ ಹುಡುಗನ ಹೆಸರು ನಮ್ಮವರದಾಗಿದ್ದರೆ ಸುದ್ದಿಯ ತಲೆಬರಹ ಇನ್ನೂ ದಪ್ಪಗಾಗುತ್ತದೆ.

ಹಾಗಾದರೆ ಗಾಂಜಾ ಔಷಧ ಎಲ್ಲರಿಗೂ ಸಿಗಲಿ ಎನ್ನೋಣವೇ? ಇಲ್ಲಿ ಪವಾಡದ ಬರಹಗಳನ್ನು ಅಷ್ಟೇ ಕಟ್ಟುನಿಟ್ಟಾಗಿ ಒರೆಗೆ ಹಚ್ಚಬೇಕು. ಗಿಡದಲ್ಲಿ ಮತ್ತು ತರಿಸುವ ಟಿಎಚ್‌ಸಿ, ಮತ್ತು ತರಿಸದ ಸಿಬಿಡಿ ಎಂಬ ಮುಖ್ಯ ಅಂಶಗಳಿವೆ. ಇವು ಕೆಲಸ ಮಾಡುವ ಏರ್ಪಾಡು ನಮ್ಮ ಮಿದುಳಿನಲ್ಲೇ ಇದೆ. ದೇಹವೇ ತಯಾರಿಸುವ ಅಂಥದೊಂದು ರಾಸಾಯನಿಕವನ್ನು 1992ರಲ್ಲಿ ಜೆರುಸಲೇಮಿನ ವಿಜ್ಞಾನಿಗಳು ಗುರುತಿಸಿ, ಸಂಸ್ಕೃತದ 'ಆನಂದ' ಪದದಿಂದ ಅದಕ್ಕೆ ಅನಂದಮೈಡ್ ಎಂದು ಹೆಸರಿಟ್ಟರು. ಮಕ್ಕಳ ಕೆಲವು ತೀವ್ರ ಬಗೆಯ ಮೂರ್ಛೆರೋಗಕ್ಕೆ ಸಿಬಿಡಿ ಔಷಧವನ್ನು ಅಮೆರಿಕ 2018ರಲ್ಲಿ ಒಪ್ಪಿಕೊಂಡಿತು. ದೀರ್ಘಕಾಲದ ನೋವಿನ ವಿಷಯದಲ್ಲಿ ಮಾತ್ರ ಪುರಾವೆ ಅಷ್ಟು ಗಟ್ಟಿಯಿಲ್ಲ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2017ರ ವರದಿ ವಯಸ್ಕರ ನೋವಿಗೆ ಉಪಯೋಗವಿದೆ ಎಂದಿತು. 2019ರಲ್ಲಿ ಬ್ರಿಟನ್ನಿನ ಮಾರ್ಗಸೂಚಿ ದೀರ್ಘಕಾಲದ ನೋವಿಗೆ ಟಿಎಚ್‌ಸಿ ಕೊಡಬೇಡಿ ಎಂದಿತು. ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘಟನೆ 2021ರಲ್ಲಿ, ಸಾಮಾನ್ಯ ಬಳಕೆಯನ್ನು ಬೆಂಬಲಿಸಲು ಪುರಾವೆ ಸಾಲದು ಎಂದಿತು. ಒಟ್ಟಾರೆ ತಾತ್ಪರ್ಯವಿಷ್ಟು: ಕೆಲವರಿಗೆ ಸ್ವಲ್ಪ ಉಪಶಮನ ಸಿಗುತ್ತದೆ, ಹಲವರಿಗೆ ಸಿಗುವುದಿಲ್ಲ. ತಲೆಸುತ್ತು, ಮಂಪರು ಬರುತ್ತವೆ. ಎಳೆಯ ವಯಸ್ಸಿನವರಲ್ಲಿ ಮನೋರೋಗದ ಅಪಾಯವಿದೆ. ಇದನ್ನು ಹೇಳದ ಜಾಹೀರಾತು ಮೋಸದ ಜಾಹೀರಾತು.

ಈ ಚರ್ಚೆ ಹೊಸದೇನೂ ಅಲ್ಲ. ಯುನಾನಿಯ ಹಕೀಮರು 'ಕಿನ್ನಬ್' ಎಂಬ ಹೆಸರಿನಿಂದ ಈ ಗಿಡವನ್ನು ಬಲ್ಲವರು. 1839ರಲ್ಲಿ ಕಲ್ಕತ್ತೆಯ ವೈದ್ಯ ಓಶಾಗ್ನೆಸ್ಸಿ ಧನುರ್ವಾಯು, ಸಂಧಿವಾತದ ರೋಗಿಗಳಿಗೆ ಗಾಂಜಾ ಕೊಟ್ಟು ನೋಡಿದ್ದನ್ನು ಬರೆದ ಮೇಲೆಯೇ ಯುರೋಪಿನ ವೈದ್ಯಲೋಕ ಅದರತ್ತ ತಿರುಗಿತು. 1893-94ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಹೆಂಪ್ ಡ್ರಗ್ಸ್ ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, ಮಿತವಾದ ಬಳಕೆಯಿಂದ ಹೆಚ್ಚಿನ ಹಾನಿಯಿಲ್ಲ, ಪೂರ್ಣ ನಿಷೇಧ ಬೇಡ ಎಂದು ವರದಿ ಕೊಟ್ಟಿತು. ವಸಾಹತು ಸರ್ಕಾರಕ್ಕೆ ಅಬಕಾರಿ ಆದಾಯದ ಮೇಲೆ ಕಣ್ಣಿತ್ತು ಎಂಬುದನ್ನು ಮರೆಯಬೇಕಿಲ್ಲ. ಆದರೂ ಜನರನ್ನು ಕೇಳಿ ತೀರ್ಮಾನಿಸುವ ಕೆಲಸವನ್ನಾದರೂ ಅದು ಮಾಡಿತು.

ಇನ್ನು ನಮ್ಮ ಮಸೀದಿಯ ಅಂಗಳದ ಮಾತು. ಗಾಂಜಾ ಎಂದೊಡನೆ ಹರಾಮ್ ಎಂಬ ಒಂದೇ ಉತ್ತರ ಬರುತ್ತದೆ. ಅಮಲಿಗಾಗಿ ಸೇವಿಸುವುದು ಹರಾಮ್ ಎಂಬುದರಲ್ಲಿ ನಮಗೂ ಎರಡು ಮಾತಿಲ್ಲ. ಬೀದಿಯ ಗಾಂಜಾ ನಮ್ಮ ಮೊಹಲ್ಲಾಗಳ ಎಷ್ಟು ಹುಡುಗರನ್ನು ತಿಂದಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಔಷಧದ ಪ್ರಶ್ನೆ ಬೇರೆ, ಮತ್ತು ನಮ್ಮ ಹಳೆಯ ಫುಕಹಾಗಳು ಅದನ್ನು ಬೇರೆಯಾಗಿಯೇ ನೋಡಿದರು. ಹದಿನಾಲ್ಕನೆಯ ಶತಮಾನದ ಜರ್ಕಶಿ ಹಶೀಶಿನ ನಿಷೇಧದ ಬಗ್ಗೆಯೇ ಪುಸ್ತಕ ಬರೆದವರು. ಅವರೂ ಅದರಲ್ಲಿ ಚಿಕಿತ್ಸೆಯ ಬಳಕೆಯನ್ನು ಪ್ರತ್ಯೇಕವಾಗಿ ಚರ್ಚಿಸಿದರು. ಅನಿವಾರ್ಯತೆ ನಿಷಿದ್ಧವನ್ನು ಸಡಿಲಿಸುತ್ತದೆ, ಆ ಸಡಿಲಿಕೆ ಅನಿವಾರ್ಯತೆಯ ಅಳತೆಯನ್ನು ಮೀರಬಾರದು ಎಂಬ ಎರಡು ಸೂತ್ರಗಳು ಫಿಕ್ಹ್‌ನಲ್ಲಿ ಜೋಡಿಯಾಗಿವೆ. ಅಳತೆ ಯಾರದು? ರೋಗಿಯ ನೋವಿನದು, ನಂಬಿಗಸ್ತ ವೈದ್ಯನದು. ಜುಮಾ ಪ್ರವಚನದಲ್ಲಿ ಈ ಮಾತು ಕೇಳಿಬರುವುದು ಅಪರೂಪ. ಸಬರ್ ಮಾಡಿ ಎಂಬುದು ಮಾತ್ರ ಹೆಣ್ಣುಮಕ್ಕಳ ಕಿವಿಗೆ ಮತ್ತೆ ಮತ್ತೆ ಬೀಳುತ್ತದೆ. ಸಬರ್ ದೊಡ್ಡ ಗುಣ. ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಪೈಗಂಬರರೇ ಹೇಳಿರುವಾಗ ಚಿಕಿತ್ಸೆಯ ಬದಲಿಗೆ ಸಬರ್ ಹಂಚುವುದು ಧರ್ಮವಾಗದು.

ಕನ್ನಡ ಸಾಹಿತ್ಯವನ್ನೂ ಈ ಲೆಕ್ಕದಿಂದ ಬಿಡುವಂತಿಲ್ಲ. ಶಿಶುನಾಳ ಶರೀಫರು ಗುಡುಗುಡಿಯನ್ನು ತತ್ವಪದಕ್ಕೆ ತಂದು ದೇಹ, ಉಸಿರಿನ ರೂಪಕವಾಗಿಸಿದರು. ಅವರ ನಂತರ ಬಂದ ಕಥೆಗಳಲ್ಲಿ ಚಿಲುಮೆ ಹಿಡಿದವನು ಒಂದೋ ಬೈರಾಗಿ, ಫಕೀರ, ಇಲ್ಲವೇ ಕೆಟ್ಟುಹೋದ ಮಗ. ಅನುಭಾವಕ್ಕೆ ಇಲ್ಲವೇ ಅಧಃಪತನಕ್ಕೆ ಗುರುತಾಗಿ ನಿಲ್ಲುವ ಚಿಲುಮೆಯ ಪಕ್ಕದಲ್ಲೇ, ರಾತ್ರಿಯಿಡೀ ನಿದ್ದೆಯಿಲ್ಲದೆ ಮಗ್ಗಲು ಬದಲಿಸುವ ಮುದುಕಿಯಿದ್ದಾಳೆ. ಅವಳ ರಾತ್ರಿಯನ್ನು ಬರೆದ ಕಥೆಗಳು ಬೆರಳೆಣಿಕೆಯಷ್ಟು.

ಗಾಂಜಾ ಚರ್ಚೆಯ ಹೊಗೆಯಲ್ಲಿ ಮರೆಯಾಗಿರುವ ಇನ್ನೊಂದು ಔಷಧವಿದೆ, ಮಾರ್ಫಿನ್. ಕ್ಯಾನ್ಸರಿನ ಕೊನೆಯ ಹಂತದ ನೋವಿಗೆ ಇದರ ಉಪಯೋಗದ ಬಗ್ಗೆ ವೈದ್ಯರಲ್ಲಿ ಭಿನ್ನಮತವಿಲ್ಲ, ಬೆಲೆಯೂ ಅಗ್ಗ. ಅಫೀಮನ್ನು ಪರವಾನಗಿಯಡಿ ಬೆಳೆದು ಹೊರದೇಶಕ್ಕೂ ಕಳಿಸುವ ದೇಶ ನಮ್ಮದು. ಆದರೆ 1985ರ ಕಾಯ್ದೆಯ ನಂತರ ಆಸ್ಪತ್ರೆಗಳು ಪರವಾನಗಿಗಳ ಸಾಲಿಗೆ ಹೆದರಿ ಮಾರ್ಫಿನ್ ಇಡುವುದನ್ನೇ ಬಿಟ್ಟವು. 1997ರ ಹೊತ್ತಿಗೆ ಇಡೀ ದೇಶದ ವೈದ್ಯಕೀಯ ಬಳಕೆ ವರ್ಷಕ್ಕೆ ಸುಮಾರು 18 ಕಿಲೋಗೆ ಕುಸಿದಿತ್ತು. 2014ರ ತಿದ್ದುಪಡಿ ಒಂದೇ ಪರವಾನಗಿ ಸಾಕು ಎಂದಿತು. ಕಾನೂನು ಸಡಿಲವಾದರೂ ಬರೆಯಬಲ್ಲ ವೈದ್ಯರು, ಇಡಬಲ್ಲ ಆಸ್ಪತ್ರೆಗಳು ಹಳ್ಳಿಯ ಹತ್ತಿರಕ್ಕೆ ಬರಲಿಲ್ಲ. ಗಾಂಜಾ ಔಷಧಕ್ಕೆ ನಾಳೆ ದಾರಿ ತೆರೆದರೂ ಇದೇ ಗತಿಯಾಗಬಹುದು ಎಂಬ ಭಯ ನಮ್ಮದು.

ಕೆಲವು ನೋವಿಗಂತೂ ಮದ್ದಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಯಿದೆ. ಗದಗ ಜಿಲ್ಲೆಯ ಅನೇಕ ಕಡೆ, ಮುಖ್ಯವಾಗಿ ಮುಂಡರಗಿ ಭಾಗದಲ್ಲಿ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುತ್ತದೆ, ಇನ್ನೂ ಹೆಚ್ಚಾದರೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಆ ನೋವಿಗೆ ಗಾಂಜಾ ಎಣ್ಣೆ ಹಚ್ಚುವುದಕ್ಕೆ ಮೊದಲು ಶುದ್ಧ ನೀರು ಬರಬೇಕು.

ಪಕ್ಕದ ಕೇರಳದಲ್ಲಿ ಒಂದು ದಾರಿ ಈಗಾಗಲೇ ಸವೆದಿದೆ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು ನೋವು ಉಪಶಮನದ ಸಂಘವೊಂದನ್ನು ಕಟ್ಟಿದರು. ಅಲ್ಲಿಂದ ಹಬ್ಬಿದ ಕೆಲಸ ಮುಸ್ಲಿಮರೇ ಹೆಚ್ಚಿರುವ ಮಲಪ್ಪುರಂ ಜಿಲ್ಲೆಯಲ್ಲಿ ಜನರದೇ ಚಳವಳಿಯಾಯಿತು. ಊರಿನ ಸ್ವಯಂಸೇವಕರು ನರ್ಸ್ ಜೊತೆ ಮನೆಮನೆಗೆ ಹೋಗುತ್ತಾರೆ, ಹುಣ್ಣು ತೊಳೆಯುತ್ತಾರೆ, ಮಾರ್ಫಿನ್ ತಲುಪಿಸುತ್ತಾರೆ. ಖರ್ಚಿಗೆ ಊರವರ ಚಿಲ್ಲರೆ ದೇಣಿಗೆ. 2008ರಲ್ಲಿ ಆ ರಾಜ್ಯ ಇದಕ್ಕೊಂದು ನೀತಿಯನ್ನೇ ಮಾಡಿತು.

ಗಾಂಜಾ ಔಷಧದ ಪರೀಕ್ಷೆಗಳು ನಡೆಯಲಿ, ಜಮ್ಮುವಿನ ಸಿಎಸ್ಐಆರ್ ಸಂಸ್ಥೆ ಆ ಸಂಶೋಧನೆಗಾಗಿ ಗಿಡ ಬೆಳೆಸಿರುವುದು ಒಳ್ಳೆಯದೇ. ಅದರ ಫಲ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸಗಳು ನಮ್ಮ ಮುಂದಿವೆ. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ನೋವಿನ ಚಿಕಿತ್ಸೆ, ಒಬ್ಬ ಫಿಜಿಯೋಥೆರಪಿಸ್ಟ್, ಬೀರುವಿನಲ್ಲಿ ಮಾರ್ಫಿನ್ ಇರಬೇಕೆಂದು ಗ್ರಾಮಸಭೆಯಲ್ಲಿ ಕೇಳಬಹುದು. ನಮ್ಮ ಜಮಾತ್‌ಗಳು ಜಕಾತಿನ ಒಂದು ಪಾಲನ್ನು ಹಾಸಿಗೆ ಹಿಡಿದ ಬಡವರ ಚಿಕಿತ್ಸೆಗೆ ತೆಗೆದಿಡಬಹುದು, ಆ ಹಾಸಿಗೆ ಯಾವ ಜಾತಿ ಧರ್ಮದ ಮನೆಯಲ್ಲಿದ್ದರೂ ಕೈಲಾದ ಸದಕಾ ಕೊಡಬಹುದು. ಮುಶಿಗೇರಿಯಿಂದ ಮುಂದಿನ ಸಲ ಸುದ್ದಿ ಬರೆಯುವವರು ಎಷ್ಟು ಗಿಡ ಕಿತ್ತರು ಎಂಬುದರ ಜೊತೆಗೆ, ಎಷ್ಟು ಜನ ನಿದ್ದೆಯಿಲ್ಲದೆ ಮಲಗಿದ್ದಾರೆ ಎಂಬುದನ್ನೂ ಕೇಳಿಕೊಂಡು ಬರಲಿ.